ಸ್ಪಷ್ಟನೆ: ಯಂತ್ರ ಬಂದ ತಕ್ಷಣ ಬೆಳವಣಿಗೆ ಬರಲ್ಲ

'ಹೊಸ ತಂತ್ರಜ್ಞಾನ ಬಂದರೆ ಸಾಕು, ಆರ್ಥಿಕ ಬೆಳವಣಿಗೆ ತಕ್ಷಣ ತಾನಾಗೇ ಆಗುತ್ತದೆ' ಎನ್ನುವ ಮಾತು ಎಲ್ಲೆಡೆ ಹರಿದಾಡುತ್ತಿದೆ. ಇದು ತಪ್ಪು.

ವಿದ್ಯುತ್ತನ್ನೇ ನೋಡಿ. ಎಡಿಸನ್ ನ್ಯೂಯಾರ್ಕ್‌ನಲ್ಲಿ ವಿದ್ಯುತ್ ಕೇಂದ್ರ ಶುರು ಮಾಡಿದ್ದು 1882ರಲ್ಲಿ. ಅಮೆರಿಕದ ಕಾರ್ಖಾನೆಗಳ ಉತ್ಪಾದಕತೆ (ಅಷ್ಟೇ ದುಡಿಮೆಗೆ ಎಷ್ಟು ಉತ್ಪನ್ನ ಸಿಗುತ್ತದೆ ಅನ್ನುವ ಲೆಕ್ಕ) ಜೋರಾಗಿ ಏರಿದ್ದು 1920ರ ದಶಕದಲ್ಲಿ. ಹತ್ತಿರಹತ್ತಿರ 40 ವರ್ಷ! ಯಾಕಂದ್ರೆ ಮೊದಮೊದಲು ಎಷ್ಟೋ ಮಾಲೀಕರು ಉಗಿ ಯಂತ್ರ ತೆಗೆದು ಅದೇ ಜಾಗದಲ್ಲಿ ಸುಮ್ನೆ ಒಂದು ದೊಡ್ಡ ಮೋಟಾರ್ ಕೂರಿಸಿದರು, ಸೂರಿನಡಿಯ ಉದ್ದನೆಯ ಶಾಫ್ಟು (ಎಲ್ಲ ಯಂತ್ರಗಳಿಗೂ ಶಕ್ತಿ ಹಂಚುವ ತಿರುಗುವ ದಂಡ), ಅದರಿಂದ ಇಳಿಬಿದ್ದ ಚರ್ಮದ ಬೆಲ್ಟುಗಳು ಹಾಗೇ ಉಳಿದವು, ಒಂದೇ ಯಂತ್ರ ಓಡಿಸಬೇಕಾದರೂ ಇಡೀ ಶಾಫ್ಟು ತಿರುಗಬೇಕಿತ್ತು. ಪ್ರತಿ ಯಂತ್ರಕ್ಕೂ ಅದರದೇ ಚಿಕ್ಕ ಮೋಟಾರ್ ಬಂದು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಾರ್ಖಾನೆಯನ್ನೇ ಮತ್ತೆ ಜೋಡಿಸಿದ ಮೇಲೆ ಲಾಭ ಕಾಣಿಸಿತು.

ಕಂಪ್ಯೂಟರ್ ವಿಷಯದಲ್ಲೂ ಹೀಗೇ ಆಯ್ತು: ಕಂಪ್ಯೂಟರ್ ಎಲ್ಲೆಡೆ ಇದ್ದರೂ ಅದರ ಪರಿಣಾಮ ಉತ್ಪಾದಕತೆಯ ಅಂಕಿಅಂಶದಲ್ಲಿ ಕಾಣುತ್ತಿಲ್ಲ ಅಂತ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಬರೆದಿದ್ದರು, ಗೊತ್ತಲ್ವಾ?