ಜರ್ಮನಿಗೆ ಹೊರಟವರೇ, ಮೊದಲು ವಿಳಾಸ ಗಟ್ಟಿ ಮಾಡಿಕೊಳ್ಳಿ

ಓದಲು ಜರ್ಮನಿಗೆ ಹೊರಡುವ ಮಕ್ಕಳ ಮನೆಯಲ್ಲಿ ಸೂಟ್‌ಕೇಸಿನ ತೂಕದ್ದೇ ಚರ್ಚೆ. ಕುಕ್ಕರ್ ಹಿಡಿಸುತ್ತದಾ, ಜಾಕೆಟ್ ಎಷ್ಟು ದಪ್ಪದ್ದಿರಬೇಕು, ಕೈಯಲ್ಲಿ ಎಷ್ಟು ಯೂರೋ ಇರಬೇಕು. ಅವೆಲ್ಲ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹೇಗೋ ಹೊಂದಿಕೊಳ್ಳುತ್ತವೆ. ತಿಂಗಳುಗಟ್ಟಲೆ ಕಾಡುವುದು ವಿಳಾಸದ ಸಮಸ್ಯೆ. ಹಾಗಾಗಿ ರೂಮು ನೋಡುವಾಗ ಬಾಡಿಗೆ ಎಷ್ಟು, ಯೂನಿವರ್ಸಿಟಿ ಎಷ್ಟು ದೂರ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: "ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ?" ಆಗಲ್ಲ ಅಂದರೆ, ನೂರು ಯೂರೋ ಕಡಿಮೆಗೆ ಸಿಕ್ಕರೂ ಆ ರೂಮು ಬೇಡ.

ಆನ್‌ಮೆಲ್ಡುಂಗ್ ಅಂದರೆ ನಾನು ಈ ಮನೆಯಲ್ಲಿ ವಾಸವಾಗಿದ್ದೇನೆ ಎಂದು ಊರಿನ ಆಡಳಿತದಲ್ಲಿ ಹೆಸರು ಬರೆಸುವುದು. ಮನೆ ಸೇರಿದ ಎರಡು ವಾರದೊಳಗೆ ಬರೆಸಬೇಕೆನ್ನುವುದು ಕಾನೂನು. ತಪ್ಪಿದರೆ 1,000 ಯೂರೋವರೆಗೆ ದಂಡ ಹಾಕಬಹುದು. ದೊಡ್ಡ ಊರುಗಳಲ್ಲಿ ಎರಡು ವಾರದೊಳಗೆ ಅಪಾಯಿಂಟ್‌ಮೆಂಟೇ ಸಿಗದಿರುವುದುಂಟು. ಆಗ ಸಿಕ್ಕಿದ ಮೊದಲ ದಿನಾಂಕವನ್ನು ಬುಕ್ ಮಾಡಿ, ದೃಢೀಕರಣದ ಮೇಲ್ ಜೋಪಾನವಾಗಿಡಿ. ಯಾರೋ ರದ್ದು ಮಾಡಿದ ಸಮಯ ಮಧ್ಯೆ ಮಧ್ಯೆ ಸಿಗುತ್ತಿರುತ್ತದೆ, ದಿನಾ ಬೆಳಿಗ್ಗೆ ಒಮ್ಮೆ ಸೈಟ್ ನೋಡುತ್ತಿರಿ. ಬರ್ಲಿನ್‌ನಲ್ಲಾದರೆ ನಿಮ್ಮ ಏರಿಯಾದ ಕಚೇರಿಗೇ ಹೋಗಬೇಕೆಂದಿಲ್ಲ, ಊರಿನ ಯಾವ ಬ್ಯುರ್ಗರ್‌ಆಮ್ಟ್ (ನಾಗರಿಕ ಸೇವಾ ಕಚೇರಿ) ಆದರೂ ನಡೆಯುತ್ತದೆ.

ಅಲ್ಲಿಗೆ ಪಾಸ್‌ಪೋರ್ಟ್, ಭರ್ತಿ ಮಾಡಿದ ಫಾರ್ಮ್, ಜೊತೆಗೆ ಮನೆ ಕೊಟ್ಟವರ ಸಹಿ ಇರುವ ಒಂದು ಪತ್ರ ಒಯ್ಯಬೇಕು. ಎಡವುವುದು ಈ ಪತ್ರದಲ್ಲೇ. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಬಾಡಿಗೆ ಕರಾರು ತೋರಿಸಿದರೆ ಸಾಕೆಂದುಕೊಂಡು ಹೋದವರು ಬರಿಗೈಯಲ್ಲಿ ವಾಪಸಾಗಿ, ಮತ್ತೆ ಮೂರು ವಾರ ಅಪಾಯಿಂಟ್‌ಮೆಂಟಿಗೆ ಕಾಯುತ್ತಾರೆ. ಮನೆ ವಿಳಾಸ, ಸೇರಿದ ದಿನಾಂಕ, ಮನೆ ಕೊಟ್ಟವರ ಹೆಸರು ಮತ್ತು ವಿಳಾಸ, ಸೇರಿದವರ ಹೆಸರು, ಇಷ್ಟೂ ಅದರಲ್ಲಿರಬೇಕು. ಹಂಚಿಕೊಂಡ ಮನೆಯಲ್ಲಿ ಒಳಬಾಡಿಗೆಗೆ ಇದ್ದರೆ ಮಾಲೀಕರೇ ಸಹಿ ಹಾಕಬೇಕೆಂದಿಲ್ಲ, ನಿಮಗೆ ರೂಮು ಕೊಟ್ಟ ಮುಖ್ಯ ಬಾಡಿಗೆದಾರರೂ ಹಾಕಬಹುದು. ಈ ಒಂದು ಮಾತು ಗೊತ್ತಿಲ್ಲದೆ ಒಳ್ಳೊಳ್ಳೆ ರೂಮು ಬಿಟ್ಟವರಿದ್ದಾರೆ.

ದುಡ್ಡು ಕೊಟ್ಟರೆ ವಿಳಾಸ ಮಾತ್ರ ಕೊಡುತ್ತೇವೆ, ವಾಸ ಬೇರೆಲ್ಲಾದರೂ ಇರಿ ಎನ್ನುವ ಜಾಹೀರಾತುಗಳೂ ಕಣ್ಣಿಗೆ ಬೀಳುತ್ತವೆ. ಅವುಗಳ ಹತ್ತಿರವೂ ಸುಳಿಯಬೇಡಿ. ವಾಸವಿಲ್ಲದ ಮನೆಯ ವಿಳಾಸ ಕೊಡುವುದಕ್ಕೆ ಅಲ್ಲಿ 50,000 ಯೂರೋವರೆಗೆ ದಂಡವಿದೆ. ಇನ್ನೊಂದು ಮೋಸ ಇದಕ್ಕಿಂತ ಹಳೆಯದು: ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಡೆಪಾಸಿಟ್ ಹಾಕಿದರೆ ಕೀ ಪೋಸ್ಟಿನಲ್ಲಿ ಕಳಿಸುತ್ತಾರೆ ಎನ್ನುವುದು. ಜರ್ಮನ್ ಕಾನೂನಿನ ಪ್ರಕಾರ ಡೆಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ, ಅಂದರೆ ಹೀಟಿಂಗ್ ಮುಂತಾದ ಖರ್ಚು ಸೇರಿಸದ ಬರಿ ಬಾಡಿಗೆಗಿಂತ, ಹೆಚ್ಚಿರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ, ಮೊದಲ ಕಂತು ಬಾಡಿಗೆ ಶುರುವಾಗುವಾಗ. ಮನೆ ತೋರಿಸುವ ಮೊದಲೇ ಪೂರ್ತಿ ಹಣ ಕೇಳಿದರೆ ಆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಫಾರ್ಮಿನಲ್ಲಿ ಧರ್ಮದ ಕಾಲಂ ಇರುತ್ತದೆ. ಅದು ಚರ್ಚ್ ತೆರಿಗೆಗಾಗಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ನಮೂದಾದರೆ, ಮುಂದೆ ಸಂಬಳಕ್ಕೆ ಆದಾಯ ತೆರಿಗೆ ಬಿದ್ದಾಗ ಆ ತೆರಿಗೆಯ ಮೇಲೆ 8 ಅಥವಾ 9 ಶೇಕಡಾ ಸೇರುತ್ತದೆ. ನಮ್ಮ ಕ್ರೈಸ್ತ ಹುಡುಗರು ಇದನ್ನು ತಿಳಿದುಕೊಂಡೇ ತುಂಬಬೇಕು.

ಇನ್ನು ಮನೆಯ ಅಂಚೆಪೆಟ್ಟಿಗೆ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಆಮೇಲೆ ಹೆಸರು, ಅಷ್ಟೇ. ಪೋಸ್ಟ್‌ಮ್ಯಾನ್ ಪೆಟ್ಟಿಗೆ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಕಾಗದ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಮುಖ್ಯವಾದದ್ದೆಲ್ಲ ಬರುವುದು ಕಾಗದದಲ್ಲೇ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ಲಕೋಟೆಯಲ್ಲಿ, ಆರೋಗ್ಯ ವಿಮೆಯ ಕಾರ್ಡ್ ಮತ್ತೊಂದರಲ್ಲಿ. 11 ಅಂಕಿಯ ತೆರಿಗೆ ಸಂಖ್ಯೆಯೂ ಆನ್‌ಮೆಲ್ಡುಂಗ್ ಆದ ಕೆಲವು ವಾರಗಳಿಗೆ ಹೀಗೇ ಬರುತ್ತದೆ. ಕಳೆದುಹೋದರೆ ಫೋನಿನಲ್ಲಾಗಲಿ ಇಮೇಲಿನಲ್ಲಾಗಲಿ ಹೇಳುವುದಿಲ್ಲ, ಮತ್ತೆ ಅರ್ಜಿ ಹಾಕಿ ಕಾಗದಕ್ಕೇ ಕಾಯಬೇಕು. ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿ ತಿಂಗಳುಗಟ್ಟಲೆ ಆ ಸಂಖ್ಯೆ ಕೊಡದಿದ್ದರೆ, ಸಂಬಳದಿಂದ ಅತಿ ಹೆಚ್ಚು ಕಡಿತವಾಗುವ ಆರನೇ ತೆರಿಗೆ ವರ್ಗಕ್ಕೆ ನಿಮ್ಮನ್ನು ಹಾಕುತ್ತಾರೆ. ವೀಸಾಕ್ಕಾಗಿ ಮುಂಚೆಯೇ ಹಣ ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಲ್ಲಿಟ್ಟ 11,904 ಯೂರೋದಿಂದ ತಿಂಗಳಿಗೆ 992 ಕೈಗೆ ಬರಬೇಕಾದರೂ ಮೊದಲು ಚಾಲ್ತಿ ಖಾತೆ ತೆರೆದಿರಬೇಕು, ಅದರ ಕಾರ್ಡೂ ಪಿನ್ನೂ ಬರುವುದು ಇದೇ ಪೆಟ್ಟಿಗೆಗೆ.

ಆದ್ದರಿಂದ ರೂಮಿಗೆ ಕಾಲಿಟ್ಟ ದಿನವೇ ಪೆಟ್ಟಿಗೆ ಮೇಲೂ ಕಾಲಿಂಗ್ ಬೆಲ್ ಮೇಲೂ ಹೆಸರು ಅಂಟಿಸಿ. ಚೆಂದದ ಪ್ಲೇಟ್ ಆಮೇಲೆ ಮಾಡಿಸಬಹುದು, ಸದ್ಯಕ್ಕೆ ಚೀಟಿ ಸಾಕು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆಯುವ ರೂಢಿ. ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಕಾಗದದ ಮೇಲೆ ಬರುವುದು ಆ ಸರ್‌ನೇಮೇ, ಪೆಟ್ಟಿಗೆ ಮೇಲೆ ಕರೆಯುವ ಹೆಸರು ಮಾತ್ರ ಇದ್ದರೆ ಹೊಂದುವುದಿಲ್ಲ.

ನೋಂದಣಿಯಾದ ಮೇಲೆ ರುಂಡ್‌ಫುಂಕ್‌ಬೈಟ್ರಾಗ್ ಎಂಬ ಕಾಗದ ಬರುತ್ತದೆ, ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಮೋಸದ ಕಾಗದವೆಂದು ಎಸೆಯಬೇಡಿ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಲೆಕ್ಕ ಮನೆಗೆ ಒಂದು, ತಲೆಗೆ ಒಂದಲ್ಲ. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ಸಂಖ್ಯೆಯನ್ನು ಉತ್ತರದಲ್ಲಿ ಬರೆದು ಕಳಿಸಿದರಾಯಿತು.

ಹಳದಿ ಲಕೋಟೆ ಬಂದರೆ ಅಂದೇ ಒಡೆಯಿರಿ. ಅದು ಅಧಿಕೃತವಾಗಿ ಜಾರಿಯಾದ ನೋಟಿಸು. ಪೆಟ್ಟಿಗೆಗೆ ಹಾಕಿದ ದಿನಾಂಕವನ್ನು ಲಕೋಟೆಯ ಮೇಲೇ ಬರೆದಿರುತ್ತಾರೆ, ಉತ್ತರ ಕೊಡುವ ಗಡುವು ಆ ದಿನದಿಂದಲೇ ಶುರು. ನೀವು ರಜೆಗೆ ಊರಿಗೆ ಬಂದಿದ್ದರೂ ಗಡುವು ನಿಲ್ಲುವುದಿಲ್ಲ. ಲಕೋಟೆಯನ್ನೂ ಎಸೆಯದೆ ಇಟ್ಟುಕೊಳ್ಳಿ. ಊರಿಗೆ ಬರುವಾಗ ಪೆಟ್ಟಿಗೆ ಕೀಯನ್ನು ನಂಬಿಕೆಯ ರೂಮ್‌ಮೇಟ್ ಕೈಗೆ ಕೊಟ್ಟು, ಕಾಗದ ಬಂದರೆ ಫೋಟೋ ಕಳಿಸಲು ಹೇಳಿ.

ಮನೆ ಬದಲಾಯಿಸಿದಾಗ ಮತ್ತದೇ ಎರಡು ವಾರದ ಲೆಕ್ಕ, ಮನೆ ಕೊಟ್ಟವರಿಂದ ಹೊಸ ಪತ್ರ. ಬ್ಯಾಂಕು, ವಿಮೆ, ಯೂನಿವರ್ಸಿಟಿಗೆ ಹೊಸ ವಿಳಾಸ ನೀವೇ ತಿಳಿಸಬೇಕು. ಹಳೆ ಪೆಟ್ಟಿಗೆಯ ಚೀಟಿ ಕೀಳುವ ಮೊದಲು ಅಂಚೆಯವರಲ್ಲಿ ಶುಲ್ಕ ಕಟ್ಟಿ ನಾಖ್‌ಸೆಂಡೆಔಫ್‌ಟ್ರಾಗ್ ಮಾಡಿಸಿ, ದಾರಿಯಲ್ಲಿರುವ ಕಾಗದಗಳು ಹೊಸ ಮನೆಗೆ ಬರುತ್ತವೆ.