ಬಸವಣ್ಣನಿಗೆ ಎರಡು ಕೋಟ್ ಬಂಗಾರ

ನಮ್ಮೂರಿನ ಹಳೇ ಕಲ್ಲಿನ ಗುಡಿಯ ಬಸವಣ್ಣನಿಗೆ ಬಂಗಾರದ ಬಣ್ಣ ಬಳಿದಿದ್ದಾರೆ. ಎರಡು ಕೋಟ್. ಮೊದಲ ಕೋಟ್ ಆದಮೇಲೂ ಅಲ್ಲಲ್ಲಿ ಕಲ್ಲು ಕಾಣ್ತಿತ್ತಂತೆ, ಅದಕ್ಕೆ ಇನ್ನೊಂದು.

ಊರಿನ ಹೆಸರು ಹೇಳಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ ಕಡೆ ಅಂದುಕೊಳ್ಳಿ. ಇಷ್ಟು ಓದಿದ್ದಕ್ಕೇ ಹತ್ತು ಊರಿನವರು 'ಇದು ನಮ್ಮ ಗುಡಿಯದೇ ಕಥೆ' ಅಂತ ಫೋನ್ ಮಾಡ್ತಾರೆ, ಹತ್ತೂ ಜನ ಹೇಳೋದು ನಿಜವೇ ಇರುತ್ತದೆ.

ಜಾತ್ರೆಗೆ ಹೋಗಿದ್ದೆ. ಕಮಿಟಿ ಅಧ್ಯಕ್ಷರು ಸಂಬಂಧದಲ್ಲಿ ನನಗೆ ಕಾಕಾ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. "ಹ್ಯಾಂಗ ಕಾಣ್ಲತ್ತದ ನೋಡು ತಮ್ಮಾ! ಮದ್ಲ ಬರೇ ಕರ್ರಗ ಇತ್ತು, ಒಳಗ ಬರ್ಲಿಕ್ಕೆ ಅಂಜಿಕಿ ಆಗ್ತಿತ್ತು." ನಾನು "ಮಸ್ತ್ ಆಗ್ಯಾದ ಕಾಕಾ" ಅಂದೆ. ಇನ್ನೇನು ಅನ್ನಲಿ? ಊಟ ಇನ್ನೂ ಆಗಿರಲಿಲ್ಲ.

ಕೆಲಸ ಮಾತ್ರ ಮೆಚ್ಚಲೇಬೇಕು. ಹೊರಗೋಡೆಯಲ್ಲಿ ಕನ್ನಡಿ ಹಿಡಿದು ನಿಂತ ಹೆಂಗಸೊಬ್ಬಳಿದ್ದಾಳೆ. ಅವಳ ಒಡ್ಯಾಣದ ಮಣಿಗಳನ್ನು ಚಿಕ್ಕಂದಿನಲ್ಲಿ ನಾವು ಉಗುರು ಆಡಿಸಿ ಎಣಿಸುತ್ತಿದ್ದೆವು, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬರುತ್ತಿತ್ತು. ಈಗ ಆ ತಂಟೆ ಇಲ್ಲ. ಮಣಿಗಳ ಸಂದೆಲ್ಲ ಎನಾಮೆಲ್ ತುಂಬಿಕೊಂಡು ಒಂದೇ ಹಳದಿ ಪಟ್ಟಿ ಆಗಿದೆ. ಕಣ್ಣಿಗೆ ಕಪ್ಪು, ತುಟಿಗೆ ಕೆಂಪು. ಬಳಿಯುವವನ ಕೈ ಜಾರಿ ಒಂದು ಕೆಂಪು ಹನಿ ಗದ್ದದಿಂದ ಕುತ್ತಿಗೆವರೆಗೆ ಇಳಿದು ಒಣಗಿದೆ. ಜಾತ್ರೆಗೆ ಬಂದವಳು ಎಲಡಿಕೆ ಹಾಕಿಕೊಂಡಿದ್ದಾಳೆ ಅಂತ ತಿಳ್ಕೊಂಡರಾಯ್ತು.

ಇಷ್ಟೊಂದು ಪೇಂಟ್ ಎಲ್ಲಿಂದ ಬಂತು ಅಂತ ಯೋಚಿಸಿದೆ. 2019ರಲ್ಲಿ ನಾವು ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕ ಆದೆವಲ್ಲ, ಆಗ ಊರೂರಿಗೆ ಬೋರ್ಡು ಹೊಸದಾಗಿ ಬರೆಸಿದರು. ಉಳಿದ ಡಬ್ಬಿಗಳು ಗುಡಿಗೆ ಬಂದಿರಬೇಕು. ಕಲ್ಯಾಣದ ಹೆಸರು ಬೋರ್ಡಿಗೆ, ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲಿಗೆ ಉಳಿದ ಪೇಂಟು.

ನವರಂಗದೊಳಗೆ, ಅಂದರೆ ಗುಡಿಯ ನಡುವಿನ ಕಂಬಗಳ ಮಂಟಪದಲ್ಲಿ, ತಲೆ ಎತ್ತಿದರೆ ಭುವನೇಶ್ವರಿ. ಮೇಲ್ಛಾವಣಿಯ ಕಲ್ಲಿನಲ್ಲೇ ಕೊರೆದ ಕಮಲ, ಸುತ್ತ ಎಸಳು, ನಡುವೆ ಕೆಳಗೆ ಇಳಿಬಿದ್ದ ಮೊಗ್ಗು. ಆ ಮೊಗ್ಗಿಗೆ ಡ್ರಿಲ್ ಹೊಡೆದು ಫ್ಯಾನ್ ನೇತುಹಾಕಿದ್ದಾರೆ. ಶಿಲ್ಪಿ ಪಾಪ ಜಾಗ ಬಿಟ್ಟುಹೋಗಿದ್ದ, ಕರೆಂಟ್ ಬರೋದು ಒಂದಿಷ್ಟು ತಡ ಆಯ್ತು ಅಷ್ಟೆ. ಫ್ಯಾನ್ ಯಾಕೆ ಬೇಕಾಯ್ತು ಅಂದರೆ, ಮೊದಲು ಕಲಬುರಗಿ ಬಿಸಿಲು 43 ದಾಟಿದ ದಿನವೂ ಈ ಗುಡಿ ತಣ್ಣಗಿರುತ್ತಿತ್ತು. ಮೊಳಗಟ್ಟಲೆ ದಪ್ಪದ ಗೋಡೆ, ಕೆಳಗೆ ಶಹಾಬಾದ್ ಫರಸಿ. ಮಧ್ಯಾಹ್ನ ಊರಿನ ಮುದುಕರೆಲ್ಲ ಅಲ್ಲೇ ಬಂದು ಮಲಗುತ್ತಿದ್ದರು. ಈಗ ಫರಸಿ ಕಿತ್ತು ಹೊಳೆಯುವ ಟೈಲ್ಸ್ ಹಾಕಿದ್ದಾರೆ, ಮುಂದೆ ಪತ್ರಾಸ್ ಶೆಡ್ ಬಂದಿದೆ, ಗಾಳಿ ಬರುವ ಜಾಲಂಧ್ರಕ್ಕೆ ಪಾರಿವಾಳ ಬರ್ತಾವೆ ಅಂತ ಸಿಮೆಂಟ್ ಮೆತ್ತಿದ್ದಾರೆ. ಒಳಗೆ ರೊಟ್ಟಿ ಬೇಯಿಸಬಹುದು. ಹಾಗಾಗಿ ಫ್ಯಾನ್.

ಫ್ಯಾನಿನ ಮೂರು ರೆಕ್ಕೆಗೆ ಮೂವರು ದಾನಿಗಳ ಹೆಸರು ಬರೆಸಿದ್ದಾರೆ. ತಿರುಗುವಾಗ ಓದಲಿಕ್ಕೆ ಆಗಲ್ಲ, ಕರೆಂಟ್ ಹೋದಾಗ ಮಾತ್ರ ಕಾಣುತ್ತದೆ. ನಮ್ಮ ಕಡೆ ಅಷ್ಟಾದರೂ ಪ್ರಚಾರ ಗ್ಯಾರಂಟಿ. ಜಾತ್ರೆ ದಿನವೇ ಕರೆಂಟ್ ಹೋಯಿತು, ಫ್ಯಾನ್ ನಿಧಾನಕ್ಕೆ ನಿಂತಿತು, ಮೂರನೇ ರೆಕ್ಕೆಯ ಮೇಲೆ ನನ್ನ ಹೆಸರಿತ್ತು. ಇನಿಷಿಯಲ್ ತಪ್ಪು. ಹೋದ ವರ್ಷ ಕಾಕಾ ಪಾವತಿ ಪುಸ್ತಕ ಹಿಡಿದು ಮನೆಗೆ ಬಂದು 'ಜೀರ್ಣೋದ್ಧಾರ' ಅಂದಾಗ 2,001 ರೂಪಾಯಿ ಕೊಟ್ಟಿದ್ದೆ. ಏನು ಮಾಡ್ತೀರಿ ಅಂತ ಕೇಳಿರಲಿಲ್ಲ.

ಹೆಸರಿನ ಚಟ ಇವತ್ತಿನದಲ್ಲ ಬಿಡಿ. ಹುಮನಾಬಾದ್ ಹತ್ತಿರದ ಜಲಸಂಗಿ ಗುಡಿಯ ಗೋಡೆಯಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ, ನೋಡಿರ್ತೀರಿ. ಬರೆಯುತ್ತಿರುವುದು ಯಾರನ್ನು? ಆರನೇ ವಿಕ್ರಮಾದಿತ್ಯನನ್ನು. 1076ರಿಂದ 1126ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ, ಪಟ್ಟಕ್ಕೆ ಬಂದ ವರ್ಷದಿಂದ ತನ್ನ ಹೆಸರಲ್ಲೇ ಶಕೆ ಶುರು ಮಾಡಿದವನು. ಅವನಿಗೂ ಪ್ರಚಾರ ಬೇಕಿತ್ತು. ಆದರೆ ಅವನ ಪ್ರಚಾರ ನೋಡಲು ಒಂಬೈನೂರು ವರ್ಷ ಆದಮೇಲೂ ಜನ ಬೀದರ್ ಬಸ್ ಹತ್ತುತ್ತಾರೆ.

ಹಾಗಂತ ಹಿಂದಿನವರೆಲ್ಲ ಸಾಚಾ ಅಂತಲೂ ಇಲ್ಲ. ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನದ ಬಂಡೆಯನ್ನೇ ಕಾಳಿ ಮೂರ್ತಿಗೆ ಪೀಠ ಮಾಡಿದ್ದರು. ಅದು ನಮಗೆ ಗೊತ್ತಾಗಿದ್ದು ಹೇಗೆ? 1986ರಲ್ಲಿ ಗುಡಿಯ ಛಾವಣಿ ಕುಸಿದು ಬಿತ್ತು, ಅಡಿಯಲ್ಲಿ ಅಶೋಕ ಸಿಕ್ಕ. ಅವತ್ತಿನಿಂದ ಇದೇ ನಮ್ಮ ಸಂಶೋಧನಾ ವಿಧಾನ ಆಗಿದೆ ಅಂತ ನನಗೆ ಗುಮಾನಿ. ಎಲ್ಲಿ ಛಾವಣಿ ಸೋರಿದರೂ ಯಾರೂ ಕೈ ಹಾಕಲ್ಲ. ಬೀಳಲಿ, ಕೆಳಗೆ ಯಾರಿದ್ದಾರೋ ನೋಡೋಣ.

ಬಿದ್ದರೂ ಚಿಂತೆ ಇಲ್ಲ, ಸಿಮೆಂಟಿಗೆ ನಮ್ಮಲ್ಲಿ ಬರವಿಲ್ಲ. ವಾಡಿ, ಶಹಾಬಾದ್, ಸೇಡಂ, ಎತ್ತ ನೋಡಿದರೂ ಸುಣ್ಣದ ಕಲ್ಲಿನ ಗಣಿ. ರಾಷ್ಟ್ರಕೂಟರ ರಾಜಧಾನಿ ಮಳಖೇಡಕ್ಕೆ ಹೋದರೆ ಅಮೋಘವರ್ಷನ ಕೋಟೆಗಿಂತ ಮೊದಲು ಫ್ಯಾಕ್ಟರಿ ಚಿಮಣಿ ಕಾಣುತ್ತದೆ. ಈ ಗುಡಿಗಳನ್ನು ಕಟ್ಟಿದವರು ಗಾರೆ ಮೆತ್ತಿ ಕಲ್ಲು ಅಂಟಿಸಿರಲಿಲ್ಲ. ಒಂದರ ಮೇಲೊಂದು, ಭಾರಕ್ಕೆ ಭಾರ, ಕಚ್ಚಿಗೆ ಕಚ್ಚು ಕೂರಿಸಿದ್ದರು. ಮಳೆ ನೀರು ಸಂದಿನಲ್ಲಿ ಇಳಿದರೆ ಅದೇ ಸಂದಿನಲ್ಲಿ ಒಣಗುತ್ತಿತ್ತು. ಸಂದಿಗೆಲ್ಲ ಸಿಮೆಂಟ್ ತುಂಬಿ, ಮೇಲೆ ಆಯಿಲ್ ಪೇಂಟ್ ಬಳಿದರೆ ನೀರು ಒಳಗೇ ಕೂರುತ್ತದೆ, ಸಿಮೆಂಟಿನ ಉಪ್ಪೆಲ್ಲ ಕಲ್ಲಿಗೆ ಇಳಿಯುತ್ತದೆ, ನಾಲ್ಕು ಮಳೆಗಾಲದಲ್ಲಿ ಮೈ ಚಕ್ಕೆ ಚಕ್ಕೆ ಏಳುತ್ತದೆ. ಮೇ ತಿಂಗಳಲ್ಲಿ ರೇನ್‌ಕೋಟ್ ಹಾಕಿಕೊಂಡು ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಓಡಾಡಿ ನೋಡಿ, ಬಸವಣ್ಣನ ಪಾಡು ತಿಳಿಯುತ್ತದೆ.

ಇದನ್ನೆಲ್ಲ ಬರೆದುಕೊಂಡು ಒಂದು ಇಲಾಖೆಗೆ ಹೋದೆ. 'ನಮ್ಮ ಪಟ್ಟಿಯಲ್ಲಿ ಇಲ್ಲ' ಅಂದರು. ಇನ್ನೊಂದಕ್ಕೆ ಹೋದೆ. ಅಲ್ಲೂ ಪಟ್ಟಿ ತೆಗೆದು ನೋಡಿದರು, ಇಲ್ಲ. ಮೂರನೆಯವರು ಚಹಾ ಕುಡಿಸಿ, ಮೊದಲನೆಯವರ ಹತ್ತಿರ ಕೇಳಿ ಅಂದರು. ಕೇಂದ್ರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿರುವ ಗುಡಿಗಾದರೆ 1958ರ ಕಾಯ್ದೆ ಇದೆ, 2010ರಲ್ಲಿ ತಿದ್ದಿದ ಮೇಲೆ ಹಾಳು ಮಾಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಸುತ್ತ 100 ಮೀಟರಿನಲ್ಲಿ ಏನೂ ಕಟ್ಟುವಂತಿಲ್ಲ. ಇದನ್ನೆಲ್ಲ ಬರೆದು ನಿಲ್ಲಿಸುವ ಆ ನೀಲಿ ಬೋರ್ಡಿಗೇ ಎಮ್ಮೆ ಕಟ್ಟಿದ್ದನ್ನೂ ನೋಡಿದ್ದೇನೆ. ಆದರೂ ಬೋರ್ಡು ಬೋರ್ಡೇ. ನಮ್ಮ ಗುಡಿಗೆ ಅದೂ ಇಲ್ಲ.

ಇಲ್ಲಿ ನಗು ಬರ್ತಿಲ್ಲ, ಕ್ಷಮಿಸಿ. ಯಾರೋ ಒಬ್ಬ ಚಾಣ ಹಿಡಿದು ಎಷ್ಟೋ ತಿಂಗಳು ಕೂತು ಮಾಡಿದ ಮುಖ ಅದು. ಕಣ್ಣಿನ ರೆಪ್ಪೆ ಕಡೆಯುವಾಗ ಉಸಿರು ಬಿಗಿ ಹಿಡಿದಿರಬೇಕು. ಒಂದು ಮಧ್ಯಾಹ್ನ, ಎರಡು ಲೀಟರ್ ಎನಾಮೆಲ್, ಮುಗೀತು. ತೆಗೆಸೋಣ ಅಂತ ಹೊರಟರೆ ಆಸಿಡ್ ಹಾಕಿ ಉಜ್ಜುತ್ತಾರೆ, ಇಲ್ಲವೇ ಮರಳು ಊದಿಸುತ್ತಾರೆ, ಆಗ ಪೇಂಟಿನ ಜೊತೆ ಮೂಗೂ ಹೋಗುತ್ತದೆ. ಗೊತ್ತಿದ್ದವರು ನಿಧಾನಕ್ಕೆ ಮಾಡಬೇಕಾದ ಕೆಲಸ, ಅವರನ್ನು ಕಳಿಸಿ ಅಂದರೆ ಮತ್ತೆ ಪಟ್ಟಿ. ಕಾಕಾನ ಮೇಲೆ ನನಗೆ ಸಿಟ್ಟಿಲ್ಲ. ಅವರು ಭಕ್ತಿಯಿಂದಲೇ ಮಾಡಿಸಿದರು, ಬೇಡ ಅಂತ ಹೇಳಲು ಒಬ್ಬರೂ ಊರಿಗೆ ಬರಲಿಲ್ಲ. ನಾನೂ ಮಸ್ತ್ ಆಗ್ಯಾದ ಅಂದೆನಲ್ಲ.

ಶಾಸನದ ಕಲ್ಲಿನ ವಿಷಯ ಮರೆತೆ. ಗುಡಿ ಮುಂದೆ ಎಡಕ್ಕೆ ಒಂದು ಕಲ್ಲು ನಿಂತಿರುತ್ತಿತ್ತು, ತಲೆಯಲ್ಲಿ ಲಿಂಗ, ಸೂರ್ಯ ಚಂದ್ರ, ಕರುವಿಗೆ ಹಾಲೂಡಿಸುವ ಆಕಳು. ಕನ್ನಡ ಮಾಸ್ತರು ನಮ್ಮನ್ನು ಕರೆದುಕೊಂಡು ಹೋಗಿ ಓದಿ ಹೇಳಿದ್ದರು. ಕೊನೆಗೆ ಶಾಪ ಇತ್ತು: ಈ ಗುಡಿಗೆ ಬಿಟ್ಟ ಭೂಮಿಯನ್ನು ಕಸಿದುಕೊಂಡವನು 60,000 ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ. ನಾವು ಬಿದ್ದು ಬಿದ್ದು ನಕ್ಕಿದ್ದೆವು. 2 ವರ್ಷ ಎಲ್ಲಿ, 60,000 ಎಲ್ಲಿ! ಭೂಮಿ ಯಾವಾಗಲೋ ಹೋಗಿದೆ, ಅದು ಬೇರೆ ಮಾತು. ಪೇಂಟ್ ಬಳಿದವರಿಗೆ ಏನು ಅಂತ ಮಾತ್ರ ಬರೆದಿರಲಿಲ್ಲ.

ಈ ಸಲ ಆ ಕಲ್ಲು ಕಾಣಲಿಲ್ಲ. ನಿನ್ನೆ ರಾತ್ರಿ ಕಾಕಾ ಫೋನ್ ಮಾಡಿದ್ದರು. ಎರಡನೇ ಹಂತ ಶುರು ಆಗುತ್ತದಂತೆ, ಶಿಖರಕ್ಕೆ ಟೈಲ್ಸ್, ರಸ್ತೆಗೆ ಕಮಾನು, ನನ್ನ ಇನಿಷಿಯಲ್ಲೂ ಸರಿಮಾಡಿಸುತ್ತಾರಂತೆ. ಎಲ್ಲ ಕೇಳಿಸಿಕೊಂಡು, ಆ ಶಾಸನದ ಕಲ್ಲು ಎಲ್ಲಿ ಹೋಯ್ತು ಕಾಕಾ ಅಂದೆ.

"ಅದೆಲ್ಲಿ ಹೋಗ್ತದ ತಮ್ಮಾ, ಸೇಫ್ ಅದ. ನೀರಿನ ಟಾಕಿ ಬಾಯಿಗಿ ಮುಚ್ಚೀವಿ. ಏನ್ ಭಾರ ಅದನೋ ಮಾರಾಯಾ, ಆರು ಮಂದಿ ಬೇಕಾತು."