ಜನವರಿಯಲ್ಲಿ ದೀಪ ಹಚ್ಚುವವರಿಗೆ ಊರು ಸೇರಬೇಕು

ಜನವರಿಯ ಸಂಜೆ ಇಂಗ್ಲೆಂಡಿನ ಕಡಲತೀರದ ಪಟ್ಟಣ ಸೇಂಟ್ ಐವ್ಸ್‌ನ ಹಳೆಯ ಬೆಸ್ತರ ಕೇರಿಯಲ್ಲಿ ನಡೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫಿಶ್ ಸ್ಟ್ರೀಟ್ ಎಂಬ ಹೆಸರು ಉಳಿದಿದೆ. ಸಾಲಿಗೆ ಸಾಲು ಮನೆಗಳಲ್ಲಿ ದೀಪವೇ ಇಲ್ಲ. ಬಾಗಿಲ ಪಕ್ಕದ ಗೋಡೆಗೆ ಬೀಗದ ಕೈ ಇಡುವ ಪುಟ್ಟ ಪೆಟ್ಟಿಗೆ ಕಂಡರೆ ತಿಳಿಯಬೇಕು, ಅದು ಬೇಸಿಗೆಯ ಪ್ರವಾಸಿಗರಿಗೆಂದು ಕಾದಿಟ್ಟ ಮನೆ.

ಇಂಗ್ಲೆಂಡಿನ ನೈಋತ್ಯ ತುದಿಯ ಈ ಕೌಂಟಿಯನ್ನು, ಅಂದರೆ ಜಿಲ್ಲೆಯಂಥ ಪ್ರದೇಶವನ್ನು, ಇಂಗ್ಲಿಷ್‌ನಲ್ಲಿ ಕಾರ್ನ್‌ವಾಲ್ ಎನ್ನುತ್ತಾರೆ, ಇಲ್ಲಿಯ ಭಾಷೆಯಲ್ಲಿ ಅದು ಕೆರ್ನೋ. 2014ರಲ್ಲಿ ಬ್ರಿಟನ್ ಸರ್ಕಾರ ಕಾರ್ನಿಷ್ ಜನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಒಪ್ಪಿಕೊಂಡಿತು. ಎಂಟನೇ ಪರಿಚ್ಛೇದಕ್ಕಾಗಿ ಇನ್ನೂ ಕಾಯುತ್ತಿರುವ ತುಳುವಿನ ಮನೆಯಲ್ಲಿ ಬೆಳೆದ ನನಗೆ ಅಂಥ ಮಾನ್ಯತೆಯ ಬೆಲೆ ಗೊತ್ತು. ಆದರೆ ಸ್ವಂತ ಊರಿನಲ್ಲಿ ಸೂರೇ ಸಿಗದಿದ್ದರೆ ಕಾರ್ನಿಷ್ ಭಾಷೆಯನ್ನು ಯಾವ ಬೀದಿಯಲ್ಲಿ ನಿಂತು ಆಡಬೇಕು?

2009ರಲ್ಲಿ ಇಲ್ಲಿಯ ಆರು ಜಿಲ್ಲಾ ಮಂಡಳಿಗಳನ್ನೂ ಹಳೆಯ ಕೌಂಟಿ ಮಂಡಳಿಯನ್ನೂ ತೆಗೆದುಹಾಕಿ, ಇಡೀ ಕೌಂಟಿಗೆ ಟ್ರೂರೋ ನಗರದಲ್ಲಿ ಒಂದೇ ಮಂಡಳಿ ಮಾಡಿದರು. ಖರ್ಚು ಉಳಿಸುವ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಪೂರ್ವದ ಗಡಿಯಲ್ಲಿ ಟೇಮರ್ ನದಿ ದಡದ ಸಾಲ್ಟ್ಯಾಷ್‌ನ ಕಷ್ಟ ಬೇರೆ, ಪಶ್ಚಿಮದ ಪೆನ್ಜಾನ್ಸ್‌ನ ಕಷ್ಟ ಬೇರೆ. ಪುಣ್ಯಕ್ಕೆ ಕೆಳಗಿನ ಹಂತದಲ್ಲಿ, ನಮ್ಮ ಗ್ರಾಮ ಪಂಚಾಯಿತಿಗಳನ್ನು ನೆನಪಿಸುವ 200ಕ್ಕೂ ಹೆಚ್ಚು ಪಟ್ಟಣ ಮತ್ತು ಪ್ಯಾರಿಷ್ ಕೌನ್ಸಿಲ್‌ಗಳು ಉಳಿದುಕೊಂಡಿವೆ.

ಅಂಥದೊಂದು ಸಣ್ಣ ಕೌನ್ಸಿಲ್‌ನ ಊರಾದ ಸೇಂಟ್ ಐವ್ಸ್ 2016ರಲ್ಲಿ ತೋರಿದ ಧೈರ್ಯವನ್ನು ನಾನು ಮರೆಯಲಾರೆ. ಇನ್ನು ಮುಂದೆ ಕಟ್ಟುವ ಮನೆಗಳಲ್ಲಿ ವರ್ಷವಿಡೀ ವಾಸಿಸುವವರೇ ಇರಬೇಕು ಎಂಬ ನಿಯಮಕ್ಕೆ ಜನಮತ ಕೇಳಿದಾಗ, ಮತ ಹಾಕಿದವರಲ್ಲಿ 80 ಶೇಕಡಕ್ಕೂ ಹೆಚ್ಚು ಜನ ಒಪ್ಪಿದರು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರು ಸೋತರು. ಹೊಸ ಮನೆ ಸಿಗದ ಹಣವಂತರು ಹಳೆಯ ಮನೆಗಳತ್ತ ತಿರುಗಿದರು, ನಿಜ. ಅದಕ್ಕಾಗಿ ಊರಿನವರ ತೀರ್ಮಾನವನ್ನೇ ತಪ್ಪು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಮನೆಗಳ ಮಾರಾಟವನ್ನು ತಡೆಯುವ ಅಧಿಕಾರ ಅವರ ಕೈಯಲ್ಲಿ ಇರಲಿಲ್ಲ.

2025ರ ಏಪ್ರಿಲ್‌ನಿಂದ ಟ್ರೂರೋ ಮಂಡಳಿ ಎರಡನೇ ಮನೆಗಳ, ಅಂದರೆ ಮಾಲೀಕರು ಖಾಯಂ ಆಗಿ ವಾಸಿಸದ ಮನೆಗಳ, ಕೌನ್ಸಿಲ್ ತೆರಿಗೆಯನ್ನು (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ದುಪ್ಪಟ್ಟು ಮಾಡಿದೆ. ಒಳ್ಳೆಯ ಕೆಲಸ. ಆದರೆ ದೊಡ್ಡ ಕಿಂಡಿಯೊಂದು ತೆರೆದೇ ಇದೆ. ವರ್ಷಕ್ಕೆ 140 ದಿನ ಬಾಡಿಗೆಗೆ ಲಭ್ಯವಿಟ್ಟು, 70 ದಿನ ನಿಜಕ್ಕೂ ಬಾಡಿಗೆಗೆ ಕೊಟ್ಟರೆ ಆ ಮನೆ ಕೌನ್ಸಿಲ್ ತೆರಿಗೆಯಿಂದ ಹೊರಬಿದ್ದು ವ್ಯಾಪಾರದ ಲೆಕ್ಕಕ್ಕೆ ಸೇರುತ್ತದೆ. ಸಣ್ಣ ಉದ್ಯಮಕ್ಕಿರುವ ವಿನಾಯಿತಿ ದೊರೆತರೆ ಆ ಮಾಲೀಕ ಒಂದು ಪೌಂಡ್ ತೆರಿಗೆಯನ್ನೂ ಸ್ಥಳೀಯ ಮಂಡಳಿಗೆ ಕಟ್ಟಬೇಕಾಗಿಲ್ಲ. ವರ್ಷವಿಡೀ ಇಲ್ಲೇ ಇರುವ ದಾದಿ, ಬಸ್ ಚಾಲಕ ತಪ್ಪದೆ ಕಟ್ಟುತ್ತಾರೆ. ಈ ನಿಯಮ ಬದಲಿಸುವ ಅಧಿಕಾರ ಲಂಡನ್ನಿನಲ್ಲಿದೆ. ಅದನ್ನು ಟ್ರೂರೋಗೆ ಬಿಟ್ಟುಕೊಡಿ.